ವಾಹನ ಪ್ರಶ್ನೋತ್ತರ: ಕಚ್ಚಿಕೊಂಡ ಬ್ರೇಕ್ ಪೈಪಿನ ನಟ್

ಪ್ರಶ್ನೆ: ನಮ್ಮ ಸಣ್ಣ ಕಾರಿಗೆ ಹದಿನಾರು ವರ್ಷ. ನಾವು ಕೊಳ್ಳುವ ಮೊದಲು ಅದು ಮಂಗಳೂರಿನಲ್ಲಿತ್ತು. ಹಿಂದಿನ ಎಡಚಕ್ರದ ವೀಲ್ ಸಿಲಿಂಡರ್ (ಬ್ರೇಕ್ ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗ) ಒಸರುತ್ತಿರುವುದರಿಂದ ಅದನ್ನು ನಾನೇ ಬದಲಿಸಲು ಹೊರಟೆ. ಅದಕ್ಕೆ ಸೇರುವ ಬ್ರೇಕ್ ಪೈಪಿನ ನಟ್ ಕದಲಲಿಲ್ಲ. ಹತ್ತರ ಓಪನ್ ಸ್ಪ್ಯಾನರ್ ಜಾರಿ ನಟ್ಟಿನ ಎರಡು ಮೂಲೆಗಳು ಸವೆದಿವೆ. ಗ್ಯಾಸ್ ಟಾರ್ಚ್‌ನಿಂದ ಕಾಯಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಪೈಪನ್ನು ಕೆಡಿಸದೆ ಬಿಚ್ಚುವುದು ಹೇಗೆ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಟಾರ್ಚ್ ಖಂಡಿತ ಬೇಡ. ಬ್ರೇಕ್ ಆಯಿಲ್ ಹೊತ್ತಿಕೊಳ್ಳುವಂಥದ್ದು, ಮುಚ್ಚಿದ ಪೈಪಿನೊಳಗೆ ಅದು ಕುದಿದರೆ ಮುಖಕ್ಕೆ ಚಿಮ್ಮಬಹುದು, ಹತ್ತಿರದಲ್ಲಿರುವ ರಬ್ಬರ್ ಹೋಸ್ ಒಳಗಿನಿಂದಲೇ ಹಾಳಾಗಬಹುದು. ಕ್ಲೋರಿನ್ ಸೇರಿದ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಬೆಂಕಿ ತಾಗಿದರೆ ಪ್ರಾಣಕ್ಕೇ ಅಪಾಯ ತರುವ ವಿಷಾನಿಲ ಹುಟ್ಟುತ್ತದೆ.

ನಟ್ ಏಕೆ ಸವೆಯಿತು ಎಂಬುದನ್ನು ಮೊದಲು ನೋಡೋಣ. ಈ ನಟ್ಟಿನ ನಡುವೆ ಪೈಪ್ ಹಾದುಹೋಗುವುದರಿಂದ ಅದು ಟೊಳ್ಳು. ಅದರ ಗೋಡೆ ತೆಳು. ಓಪನ್ ಸ್ಪ್ಯಾನರ್ ಅದರ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ, ಬಲ ಹಾಕಿದಷ್ಟೂ ಬಾಯಿ ಅಗಲವಾಗಿ ಮೂಲೆಗಳನ್ನು ಉಜ್ಜಿಹಾಕುತ್ತದೆ. ಪೈಪ್ ಅಡ್ಡ ಬರುವುದರಿಂದ ಸಾಮಾನ್ಯ ರಿಂಗ್ ಸ್ಪ್ಯಾನರ್ ತೂರಿಸಲು ಆಗುವುದಿಲ್ಲ. ಇದಕ್ಕೆಂದೇ ಇರುವ ಫ್ಲೇರ್ ನಟ್ ಸ್ಪ್ಯಾನರ್‌ನಲ್ಲಿ ಪೈಪ್ ತೂರುವಷ್ಟೇ ಸೀಳು ಇದ್ದು, ಉಳಿದ ಐದು ಮುಖಗಳನ್ನು ಅದು ಹಿಡಿಯುತ್ತದೆ. ಎಸ್.ಜೆ.ಪಿ. ರಸ್ತೆಯ ಉಪಕರಣದ ಅಂಗಡಿಗಳಲ್ಲೋ ಜೆ.ಸಿ. ರಸ್ತೆಯಲ್ಲೋ ವಿಚಾರಿಸಿ, ಗಟ್ಟಿಯಾದದ್ದನ್ನೇ ಕೊಳ್ಳಿರಿ. ಅಗ್ಗದ ತೆಳು ಸ್ಪ್ಯಾನರ್ ಕೂಡ ಬಾಯಿ ಬಿಡುತ್ತದೆ.

ತುಕ್ಕು ಕಚ್ಚುವುದು ಎರಡು ಕಡೆ. ತ್ರೆಡ್ಡಿನಲ್ಲಿ ಕಚ್ಚಿರುವುದು ಎಲ್ಲರಿಗೂ ಹೊಳೆಯುತ್ತದೆ. ನಟ್ಟಿಗೂ ಪೈಪಿಗೂ ನಡುವೆ ಕಚ್ಚಿರುವುದನ್ನು ಮರೆಯುತ್ತಾರೆ. ಕಡಲ ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ಎರಡನೆಯದೇ ಹೆಚ್ಚು ಕಾಡುತ್ತದೆ, ಏಕೆಂದರೆ ನಟ್ ಸಡಿಲವಾದರೂ ಅದರೊಂದಿಗೆ ಪೈಪ್ ತಿರುಚಿಕೊಳ್ಳುತ್ತದೆ. ಆದ್ದರಿಂದ ತಂತಿಯ ಬ್ರಷ್ಷಿನಿಂದ ಸುತ್ತಲಿನ ಕೆಸರನ್ನೂ ತುಕ್ಕನ್ನೂ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ನಟ್ ಸಿಲಿಂಡರಿಗೆ ಸೇರುವ ಕಡೆ ಹಾಕುವಂತೆಯೇ ಪೈಪ್ ನಟ್ಟಿನೊಳಗೆ ಹೊಗುವ ಹಿಂಬದಿಗೂ ಹಾಕಬೇಕು. ಸಂಜೆಯಿಂದ ಎರಡು ಮೂರು ಬಾರಿ ಹಾಕಿ ರಾತ್ರಿಯಿಡೀ ಬಿಡಿ. ಬ್ರೇಕ್ ಶೂಗಳಿಗೆ ಅದರ ಒಂದು ಹನಿಯೂ ತಾಗಬಾರದು.

ಮರುದಿನ ಸಣ್ಣ ಸುತ್ತಿಗೆಯಿಂದ ನಟ್ಟಿನ ಮುಖಗಳ ಮೇಲೆ ಹಗುರವಾಗಿ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಬಳಿಕ ಸಡಿಲಿಸಿ. ತಿರುಗಿಸುವ ಮೊದಲೇ ನಟ್ಟಿನ ಮೇಲೂ ಅದರ ಪಕ್ಕದ ಪೈಪಿನ ಮೇಲೂ ಒಂದೇ ನೇರದಲ್ಲಿ ಬಣ್ಣದ ಗೆರೆ ಎಳೆದಿಟ್ಟುಕೊಳ್ಳಿ. ಗೆರೆ ಮುರಿದು ನಟ್ ಮಾತ್ರ ತಿರುಗಿದರೆ ಸಂತೋಷ. ಎರಡೂ ಒಟ್ಟಿಗೆ ತಿರುಗಿದರೆ ತಕ್ಷಣ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಆಡಿಸುತ್ತ ಬಿಡಿಸಬೇಕು.

ನಿಮ್ಮ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಹಳೆಯ ಸಿಲಿಂಡರ್ ಹೇಗೂ ಎಸೆಯುವಂಥದ್ದು. ಶೂಗಳನ್ನೂ ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನೂ ಸಿಲಿಂಡರಿನ ಬೋಲ್ಟುಗಳನ್ನೂ ತೆಗೆದ ಮೇಲೆ ಜಾಗ ಸಿಕ್ಕಿದರೆ, ನಟ್ಟನ್ನು ಅಲುಗದಂತೆ ಹಿಡಿದು ಸಿಲಿಂಡರನ್ನೇ ತಿರುಗಿಸಿ ಬಿಡಿಸಬಹುದು. ಆಗ ಪೈಪಿನ ಮೇಲೆ ತಿರುಚುವ ಬಲವೇ ಬೀಳುವುದಿಲ್ಲ. ಎಷ್ಟೋ ಪೈಪುಗಳನ್ನು ಉಳಿಸಬಲ್ಲ ಈ ಉಪಾಯವನ್ನು ಬಳಸುವವರು ಕಡಿಮೆ.

ಆದರೆ ಪೈಪನ್ನು ಉಳಿಸಲೇಬೇಕು ಎಂಬ ಹಟ ಮಾತ್ರ ಬೇಡವೆಂದು ಕಳಕಳಿಯಿಂದ ಹೇಳುತ್ತೇನೆ. ನಟ್ ಪೂರ್ತಿ ದುಂಡಾದರೆ ನಷ್ಟ ಅಲ್ಪ. ತಿರುಚಿದ ಪೈಪನ್ನು ನೆಟ್ಟಗೆ ಮಾಡಿ ಮತ್ತೆ ಕೂರಿಸಿದರೆ ಅದು ಒಡೆಯುವುದು ಜೋರಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲೇ. ಪೈಪ್ ತುಕ್ಕಿನಿಂದ ಉಬ್ಬಿದ್ದರೆ ಅಥವಾ ತಿರುಚಿದ್ದರೆ ಅದನ್ನು ನಟ್ಟಿನ ಬುಡದಲ್ಲೇ ಕತ್ತರಿಸಿ. ಆಗ ಆರು ಮುಖದ ಸಾಕೆಟ್ ನಟ್ಟಿನ ಮೇಲೆ ಪೂರ್ತಿ ಕೂರುತ್ತದೆ; ಅದೂ ಜಾರಿದರೆ ವೈಸ್ ಗ್ರಿಪ್ (ಕಚ್ಚಿ ಹಿಡಿದು ಲಾಕ್ ಆಗುವ ಇಕ್ಕಳ) ಬಳಸಬಹುದು. ಪೈಪನ್ನು ಬಿಟ್ಟುಕೊಡಲು ತೀರ್ಮಾನಿಸುವ ಮೊದಲು ವೈಸ್ ಗ್ರಿಪ್ ಹಾಕಬೇಡಿ, ಅದು ನಟ್ಟನ್ನು ಅಮುಕಿ ಪೈಪಿಗೆ ಇನ್ನಷ್ಟು ಬಿಗಿಯುತ್ತದೆ.

ಹೊಸ ಪೈಪ್ ಉಕ್ಕಿನದೋ ತಾಮ್ರ-ನಿಕ್ಕಲ್ ಮಿಶ್ರಲೋಹದ್ದೋ ಆಗಿರಲಿ. ಫ್ರಿಜ್ಜಿಗೆ ಬಳಸುವ ಬರೀ ತಾಮ್ರದ ಕೊಳವೆ ಅಲುಗಾಟಕ್ಕೆ ಗಡಸಾಗಿ ಬಿರುಕು ಬಿಡುತ್ತದೆ. ಪೈಪಿನ ತುದಿಯ ಫ್ಲೇರ್ (ಅಗಲಿಸಿ ಮಾಡಿದ ಬಾಯಿ) ಹಳೆಯದರ ಆಕಾರದ್ದೇ ಆಗಿರಬೇಕು. ಅಂಚನ್ನು ಒಳಕ್ಕೆ ಮಡಿಚಿದ ಡಬಲ್ ಫ್ಲೇರ್ ಇರುವ ಕಡೆ ಗುಳ್ಳೆಯಂತೆ ಉಬ್ಬಿದ ಬಬಲ್ ಫ್ಲೇರ್ ಕೂರುವುದಿಲ್ಲ, ಆದ್ದರಿಂದ ಹಳೆಯ ತುಂಡನ್ನು ಅಂಗಡಿಗೆ ಒಯ್ಯಿರಿ. ಕೂರಿಸುವಾಗ ನಟ್ಟಿನ ಮೊದಲ ಸುತ್ತುಗಳು ಬರಿಗೈಯಲ್ಲೇ ಹತ್ತಬೇಕು. ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದ ನಂತರ ಎಂಜಿನ್ ಚಾಲನೆಯಲ್ಲಿಟ್ಟು ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಇನ್ನೊಬ್ಬರಿಂದ ಜೋಡಣೆಯನ್ನು ನೋಡಿಸಿ. ಅಲ್ಲಿಯವರೆಗೆ ಕಾರು ರಸ್ತೆಗಿಳಿಯಬಾರದು.

ಪ್ರಶ್ನೆ: ಮುಂದೆ ನಟ್ ಕಚ್ಚಿಕೊಳ್ಳದಂತೆ ತ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬಹುದೇ?
– ಓದುಗರು, ಯಲಹಂಕ

ಉತ್ತರ: ಸುತ್ತಬಾರದು. ಇಲ್ಲಿ ಸೋರಿಕೆ ತಡೆಯುವುದು ತ್ರೆಡ್ ಅಲ್ಲ, ಪೈಪಿನ ತುದಿಯ ಫ್ಲೇರ್. ಟೇಪಿನ ಚೂರು ಒಳಗೆ ಸೇರಿದರೆ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಸಾಧಾರಣ ಗ್ರೀಸ್ ಕೂಡ ಬೇಡ, ಖನಿಜ ತೈಲ ತಗುಲಿದ ಬ್ರೇಕ್ ರಬ್ಬರುಗಳು ಉಬ್ಬುತ್ತವೆ. ಬ್ರೇಕ್‌ಗೆಂದೇ ಮಾರುವ ಗ್ರೀಸನ್ನು ನಟ್ಟಿನ ಹಿಂಬದಿಯಲ್ಲಿ, ಪೈಪಿನ ಹೊರಮೈಗೆ ಮಾತ್ರ ತೆಳುವಾಗಿ ಸವರಿದರೆ ಸಾಕು.

ಪ್ರಶ್ನೆ: ಕಳೆದ ವರ್ಷ ತೆರೆದಿಟ್ಟ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಅರ್ಧ ಉಳಿದಿದೆ. ಬಳಸಬಹುದೇ?
– ಓದುಗರು, ಬನಶಂಕರಿ

ಉತ್ತರ: ಬೇಡ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಲ್ಲಬೇಕು. ತೇವ ಕುಡಿದದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಂದಿಬೆಟ್ಟದ ತಿರುವುಗಳನ್ನು ಇಳಿಯುವಾಗ ಬ್ರೇಕ್ ಕಾಯ್ದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಕೆಳಗೆ ಹೋಗುತ್ತದೆ. ಹೊಸ ಬಾಟಲಿ ಕೊಳ್ಳಿರಿ, ಕೆಲಸಕ್ಕೆ ಬೇಕಾದಷ್ಟೇ ಅಳತೆಯದನ್ನು. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಒಡನೆಯೇ ಧಾರಾಳವಾಗಿ ನೀರು ಸುರಿದು ತೊಳೆಯಿರಿ.