ಓದುಗರ ಪ್ರಶ್ನೆ: ಈ ಸಲ ಪೂರ್ತಿ ‘ಕಾಸಾಬ್ಲಾಂಕಾ’

ಪ್ರಶ್ನೆ: ಹಳೆಯ ಹಾಲಿವುಡ್ ಚಿತ್ರ ‘ಕಾಸಾಬ್ಲಾಂಕಾ’ ನೋಡಿದೆ. ಅಲ್ಲಿ ಕೆಫೆ ನಡೆಸುವ ರಿಕ್‌ಗೆ ಇಲ್ಸಾ ಅಂದ್ರೆ ಪ್ರಾಣ, ಅವಳಿಗೂ ಅಷ್ಟೇ. ಆದರೂ ಕೊನೆಗೆ ಅವಳನ್ನು ಗಂಡ ಲಾಸ್ಲೋ ಜೊತೆ ವಿಮಾನ ಹತ್ತಿಸಿಬಿಡುತ್ತಾನೆ. ಅವಳನ್ನು ಒಂದು ಮಾತೂ ಕೇಳುವುದಿಲ್ಲ. ಎಲ್ಲರೂ ತ್ಯಾಗ ಅಂತಾರೆ. ನನಗಂತೂ ಸಿಟ್ಟು ಬಂತು.

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಸ್ವಲ್ಪ ತುಪ್ಪವನ್ನೂ ಸುರಿಯುತ್ತೇನೆ. ಹಿಂದಿನ ರಾತ್ರಿ ಲಾಸ್ಲೋನೇ ರಿಕ್‌ಗೆ ಹೇಳುತ್ತಾನೆ: ಊರು ಬಿಡಲು ಬೇಕಾದ ಆ ಪ್ರಯಾಣಪತ್ರಗಳು ನನಗೆ ಬೇಡ, ಇಲ್ಸಾಳನ್ನು ನೀನು ಕರೆದುಕೊಂಡು ಹೋಗು ಅಂತ. ಅಂದರೆ ಅವಳ ಪ್ರಯಾಣವನ್ನು ಇಬ್ಬರು ಗಂಡಸರೂ ತಮ್ಮ ತಮ್ಮ ಲೆಕ್ಕದಲ್ಲಿ ಮುಗಿಸಿದ್ದಾರೆ. ಇಲ್ಸಾ ಬಾಯಲ್ಲಿ ‘ಇಬ್ಬರ ಪರವಾಗಿಯೂ ನೀನೇ ಯೋಚಿಸು’ ಅನ್ನುವ ಅರ್ಥದ ಮಾತು ಇಟ್ಟು ಚಿತ್ರಕಥೆಯವರು ಕೈತೊಳೆದುಕೊಂಡರು. ನನ್ನ ತಕರಾರು ರಿಕ್ ಮೇಲಲ್ಲ, ಅವರ ಮೇಲೆ.

ಅವರಿಗೂ ಕಷ್ಟವಿತ್ತು ಅನ್ನಿ. ಚಿತ್ರೀಕರಣ ನಡೆಯುತ್ತಿದ್ದಾಗಲೂ ಕಥೆ ಬರೆಯುತ್ತಲೇ ಇದ್ದರು. ಕೊನೆಗೆ ಯಾರ ಜೊತೆ ಹೋಗಬೇಕು ಅನ್ನುವುದು ಇನ್‌ಗ್ರಿಡ್ ಬರ್ಗ್‌ಮನ್‌ಗೇ ಗೊತ್ತಿರಲಿಲ್ಲ. ಜೊತೆಗೆ ಆಗಿನ ಹಾಲಿವುಡ್ಡಿನ ಕಟ್ಟುಪಾಡು ಬೇರೆ. ಮದುವೆಯಾದವಳು ಗಂಡನನ್ನು ಬಿಟ್ಟು ಪ್ರಿಯಕರನ ಜೊತೆ ಸುಖವಾಗಿ ಹೊರಟಳು ಅಂತ ತೋರಿಸಿದ್ದರೆ ಸೆನ್ಸಾರಿನವರು ಬಿಡುತ್ತಿರಲಿಲ್ಲ.

ನನಗೆ ಆ ತ್ಯಾಗಕ್ಕಿಂತ ಇಷ್ಟವಾಗುವುದು ರಿಕ್ ಹೇಳುವ ಸುಳ್ಳು. ಪತ್ರಕ್ಕೋಸ್ಕರ ಅವಳು ಸುಮ್ನೆ ಪ್ರೀತಿಯ ನಾಟಕ ಆಡಿದಳು ಅಂತ ಲಾಸ್ಲೋಗೆ ಹೇಳುತ್ತಾನಲ್ಲ, ಅದು. ಅವನು ಅದನ್ನು ನಂಬಿದನೋ, ನಂಬಿದ ಹಾಗೆ ಮಾಡಿದನೋ? ಇನ್ನೊಮ್ಮೆ ನೋಡುವಾಗ ಲಾಸ್ಲೋ ಮುಖವನ್ನೇ ನೋಡಿ.

ಪ್ರಶ್ನೆ: ಜರ್ಮನ್ ಮೇಜರ್ ಸ್ಟ್ರಾಸರ್ ಎದುರಿಗೇ ನಾಜಿ ವಿರೋಧಿ ಹೋರಾಟಗಾರ ಲಾಸ್ಲೋ ಓಡಾಡಿಕೊಂಡಿರುತ್ತಾನೆ. ಹಿಡಿದು ಒಳಗೆ ಹಾಕೋಕೆ ಏನು ತೊಂದರೆ?

ಉತ್ತರ: ಕಥೆಯೆಲ್ಲ ನಿಂತಿರುವುದೇ ಇದರ ಮೇಲೆ. 1940ರ ಜೂನ್ 14ಕ್ಕೆ ಜರ್ಮನರು ಪ್ಯಾರಿಸ್‌ಗೆ ನುಗ್ಗಿದರು. ಜೂನ್ 22ಕ್ಕೆ ಕದನವಿರಾಮ. ಉತ್ತರ ಫ್ರಾನ್ಸ್ ಜರ್ಮನರ ಕೈಗೆ ಹೋಯಿತು. ದಕ್ಷಿಣದಲ್ಲಿ ವಿಶಿ ಅನ್ನುವ ಊರಿನಲ್ಲಿ ಜರ್ಮನರ ಜೊತೆ ಹೊಂದಿಕೊಂಡ ಮಾರ್ಷಲ್ ಪೆತಾಂ ಸರ್ಕಾರ ಕೂತಿತು. ಮೊರಾಕೊ ಆ ಸರ್ಕಾರದ ಅಧೀನ. ಹೀಗಾಗಿ ಕಾಸಾಬ್ಲಾಂಕಾದಲ್ಲಿ ಪೊಲೀಸರೂ ಕಾನೂನೂ ಹೆಸರಿಗಾದರೂ ಫ್ರೆಂಚರದ್ದೇ. ಸ್ಟ್ರಾಸರ್ ಗದರಿಸಬಹುದು, ಬಂಧಿಸಲು ಅಲ್ಲಿನ ಫ್ರೆಂಚ್ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ರೆನೋ ಬೇಕು. ರೆನೋ ಗಾಳಿ ಬಂದ ಕಡೆ ತೂರಿಕೊಳ್ಳುವ ಆಸಾಮಿ. ಕೊನೆಯಲ್ಲಿ ಅವನು ‘ವಿಶಿ’ ಅಂತ ಚೀಟಿಯಿರುವ ನೀರಿನ ಬಾಟಲಿಯನ್ನು ಕಸದ ಬುಟ್ಟಿಗೆ ಎಸೆದು ಒದೆಯುತ್ತಾನೆ. ಯಾಕೆ ಅಂತ ಈಗ ಗೊತ್ತಾಯಿತಲ್ಲ!

ಕಥೆ ನಡೆಯುವುದು 1941ರ ಡಿಸೆಂಬರ್ ಶುರುವಿನಲ್ಲಿ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ‘ನನಗ್ಯಾಕೆ ಬೇಕು’ ಅಂತ ಕೂತ ಅಮೆರಿಕನ್ ರಿಕ್ ಯಾರ ಪ್ರತಿನಿಧಿ ಅಂತ ಬಿಡಿಸಿ ಹೇಳಬೇಕಿಲ್ಲ. 1942ರ ನವೆಂಬರ್ 8ಕ್ಕೆ ಮಿತ್ರಪಡೆಗಳು ಮೊರಾಕೊ ಇರುವ ಉತ್ತರ ಆಫ್ರಿಕಾದಲ್ಲಿ ಇಳಿದವು. ನವೆಂಬರ್ 26ಕ್ಕೆ ನ್ಯೂಯಾರ್ಕ್‌ನಲ್ಲಿ ಚಿತ್ರದ ಮೊದಲ ಪ್ರದರ್ಶನ. ಅಂಥ ಪ್ರಚಾರ ದುಡ್ಡು ಕೊಟ್ಟರೂ ಸಿಗಲ್ಲ.

ಪ್ರಶ್ನೆ: ಜರ್ಮನ್ ಅಧಿಕಾರಿಗಳ ಹಾಡಿಗೆ ಎದುರಾಗಿ ಎಲ್ಲರೂ ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತಾರಲ್ಲ, ಅಲ್ಲಿ ಅಳುವ ಹುಡುಗಿ ಯಾರು? ನಟನೆ ಅನ್ನಿಸಲೇ ಇಲ್ಲ.

ಉತ್ತರ: ಮಾಡ್ಲೆನ್ ಲೆಬೊ. ಚಿತ್ರದಲ್ಲಿ ಇವೋನ್. ಸ್ವಲ್ಪ ಹೊತ್ತಿನ ಮುಂಚೆ ಇದೇ ಇವೋನ್ ಜರ್ಮನ್ ಸೈನಿಕನ ತೋಳು ಹಿಡಿದು ಬಂದಿರುತ್ತಾಳೆ. ಅದಕ್ಕೇ ಆ ಕಣ್ಣೀರಿಗೆ ಅಷ್ಟು ತೂಕ. ನಿಜಜೀವನದಲ್ಲಿ ಲೆಬೊ 1940ರಲ್ಲಿ ಗಂಡ ಮಾರ್ಸೆಲ್ ದಾಲ್ಯೊ ಜೊತೆ ಪ್ಯಾರಿಸ್‌ನಿಂದ ಓಡಿಬಂದವಳು. ಲಿಸ್ಬನ್‌ನಿಂದ ಹಡಗು ಹತ್ತಿದರು. ಕೈಲಿದ್ದ ಚಿಲಿ ವೀಸಾ ನಕಲಿ ಅಂತ ಗೊತ್ತಾಗಿ ಮೆಕ್ಸಿಕೋದಲ್ಲಿ ಸಿಕ್ಕಿಹಾಕಿಕೊಂಡರು. ದಾಲ್ಯೊ ಫ್ರಾನ್ಸಿನಲ್ಲಿ ದೊಡ್ಡ ನಟ, ಯಹೂದಿ. ಇಲ್ಲಿ ರಿಕ್‌ನ ಜೂಜುಮೇಜು ನೋಡಿಕೊಳ್ಳುವ ಎಮಿಲ್ ಪಾತ್ರ. ನಾಲ್ಕು ಮಾತಿನ ಕೆಲಸ, ಅಷ್ಟೇ.

ಸ್ಟ್ರಾಸರ್ ಆಗಿ ನಡುಕ ಹುಟ್ಟಿಸಿದ ಕಾನ್ರಾಡ್ ಫೈಟ್ ಕೂಡ ನಾಜಿಗಳನ್ನು ಕಂಡರಾಗದೆ ಜರ್ಮನಿ ಬಿಟ್ಟವರು. ಹೆಂಡತಿ ಯಹೂದಿ. ವೀಸಾಕ್ಕೆ ಕಾಯುವ ಗುಂಪಿನಲ್ಲೂ ಅನೇಕರು ಹೀಗೆ ಯುರೋಪಿನಿಂದ ಬಂದವರೇ. ಪ್ರೀತಿಯ ಕಥೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನನಗೆ ಜಾಸ್ತಿ ನೆನಪಿರುವುದು ಈ ಹಿಂದಿನ ಸಾಲಿನವರು. ಅವರಿಲ್ಲದಿದ್ದರೆ ರಿಕ್, ಇಲ್ಸಾ ಕಥೆ ಹೋಟೆಲೊಂದರಲ್ಲಿ ನಡೆದ ಜಗಳದಂತೆ ಕಾಣುತ್ತಿತ್ತೇನೋ.

ಪ್ರಶ್ನೆ: ಎಲ್ಲರೂ ಹುಡುಕುವ ಆ ಪ್ರಯಾಣಪತ್ರಗಳು ನಿಜಕ್ಕೂ ಇದ್ದವಾ? ರಿಕ್ ಕೆಫೆಯಲ್ಲಿ ಹಾಡುವ ಸ್ಯಾಮ್ ಪಿಯಾನೋ ತಾನೇ ನುಡಿಸಿದ್ದಾ?

ಉತ್ತರ: ಎರಡೂ ಇಲ್ಲ. ಯಾರೂ ಪ್ರಶ್ನೆ ಮಾಡದೆ ಬಿಡುವ ಪತ್ರ ಶುದ್ಧ ಕಲ್ಪನೆ. ನಿಜವಾದ ನಿರಾಶ್ರಿತರಿಗೆ ಊರು ಬಿಡಲು ಒಂದು ವೀಸಾ, ದಾಟಲು ಒಂದು, ಸೇರಲು ಇನ್ನೊಂದು. ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಇನ್ನು ಸ್ಯಾಮ್ ಆಗಿ ನಟಿಸಿದ ಡೂಲಿ ವಿಲ್ಸನ್ ಡ್ರಮ್ ಬಾರಿಸುವವರು. ಹಾಡಿದ್ದು ಅವರೇ, ಪಿಯಾನೋ ಬೇರೆಯವರದ್ದು.

ಪ್ರಶ್ನೆ: ಬಣ್ಣ ಹಾಕಿದ ಪ್ರತಿಯೂ ಇದೆಯಂತೆ. ನೋಡಬಹುದಾ?

ಉತ್ತರ: ಬೇಡ. ಮೂಲ ಚಿತ್ರ ಕಪ್ಪು-ಬಿಳುಪು. ರಿಕ್‌ನ ಕೆಫೆಯಲ್ಲಿ ಅರ್ಧ ಕೆಲಸ ಮಾಡುವುದೇ ನೆರಳು.