ಮೂರು ಫೋನು, ಮೂರು ತೀರ್ಮಾನ

ಪ್ರಶ್ನೆ: ಮೂರು ಫೋನುಗಳನ್ನು ಎರಡೆರಡಾಗಿ ಹೋಲಿಸಿ ನೋಡಿದೆ. ಎರಡನೆಯದಕ್ಕಿಂತ ಮೊದಲನೆಯದು ಮೇಲೆನಿಸಿತು, ಮೂರನೆಯದಕ್ಕಿಂತ ಎರಡನೆಯದು. ಆದರೆ ಮೊದಲನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟರೆ ಮೂರನೆಯದೇ ಬೇಕೆನಿಸುತ್ತದೆ! ನನ್ನ ಮಿದುಳಿನಲ್ಲಿ ಏನಾದರೂ ಐಬಿದೆಯೇ?

ಉತ್ತರ: ಐಬಿಲ್ಲ, ಧೈರ್ಯವಾಗಿರಿ. ಮನಶ್ಶಾಸ್ತ್ರಜ್ಞ ಏಮಸ್ ಟ್ವೆರ್ಸ್ಕಿ 1969ರಲ್ಲೇ ಹೀಗೆ ಸುತ್ತಿ ಮೊದಲಿಗೇ ಬರುವ ಆಯ್ಕೆಗಳನ್ನು ಪ್ರಯೋಗದಲ್ಲಿ ತೋರಿಸಿದ್ದರು. ಬೆಲೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಅದನ್ನು ಕಡೆಗಣಿಸಿ ಕ್ಯಾಮೆರಾ ನೋಡುತ್ತೇವೆ. ಆದರೆ ಸಾಲಿನ ಎರಡು ತುದಿಗಳನ್ನು, ಅಂದರೆ ಮೊದಲನೆಯದನ್ನೂ ಮೂರನೆಯದನ್ನೂ, ಎದುರುಬದುರು ಇಟ್ಟಾಗ ಅದೇ ಅಲ್ಪಸ್ವಲ್ಪ ಸೇರಿ ದೊಡ್ಡದಾಗಿರುತ್ತದೆ, ಈಗ ಬೆಲೆಯೇ ಕಣ್ಣು ಕುಕ್ಕುತ್ತದೆ.

ಮಿದುಳಿನ ಮಾತಿಗೆ ಬರೋಣ. 'ಭಾವನೆ ಬುದ್ಧಿಯನ್ನು ಸೋಲಿಸಿತು' ಎಂಬ ಜನಪ್ರಿಯ ವಿವರಣೆ ನನಗೆ ಅಷ್ಟಾಗಿ ರುಚಿಸುವುದಿಲ್ಲ. ತಲೆಯೊಳಗೆ ಸಿದ್ಧ ಬೆಲೆಪಟ್ಟಿ ಇಲ್ಲ, ಪ್ರತಿ ಸಲವೂ ಹೊಸದಾಗಿ ತೂಗಬೇಕು. ಇದರಲ್ಲಿ ಕಣ್ಣುಗುಳಿಗಳ ಮೇಲಿರುವ ಆರ್ಬಿಟೋಫ್ರಂಟಲ್ ಕಾರ್ಟೆಕ್ಸ್ ಎಂಬ ಮಿದುಳಿನ ಭಾಗಕ್ಕೆ ದೊಡ್ಡ ಪಾತ್ರವಿದೆ. 2006ರಲ್ಲಿ ನರವಿಜ್ಞಾನಿಗಳಾದ ಕಮಿಲ್ಲೊ ಪಡೋವಾ-ಸ್ಕಿಯೋಪ್ಪ ಮತ್ತು ಜಾನ್ ಅಸಾದ್ ಕೋತಿಗಳ ಮುಂದೆ ಎರಡು ಬಗೆಯ ಪಾನೀಯ ಇಟ್ಟರು: ಇಷ್ಟದ್ದು ಸ್ವಲ್ಪ, ಅಷ್ಟೇನೂ ಇಷ್ಟವಿಲ್ಲದ್ದು ಹೆಚ್ಚು. ಕೋತಿಯ ಮಿದುಳಿನ ಈ ಭಾಗದ ಕೆಲವು ನರಕೋಶಗಳ ಮಿಡಿತ ಪಾನೀಯದ ಬಗೆಯನ್ನಾಗಲಿ ಅದು ಇರುವ ಬದಿಯನ್ನಾಗಲಿ ಲೆಕ್ಕಿಸದೆ, ಕೋತಿಗೆ ಅದರ ಬೆಲೆಯೆಷ್ಟು ಎಂಬುದಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಎರಡರ ತೂಕ ಸರಿಸಮವಾದಾಗ ಕೋತಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಆರಿಸುತ್ತಿತ್ತು. ನರಕೋಶದ ಮಿಡಿತ ಗಡಿಯಾರದಂತಲ್ಲ. ಒಂದೇ ವಸ್ತುವನ್ನು ಹತ್ತು ಸಲ ತೋರಿಸಿದರೆ ಹತ್ತು ಸಲವೂ ಒಂದಿಷ್ಟು ಬೇರೆ. ತಕ್ಕಡಿಯ ಮುಳ್ಳೇ ನಡುಗುತ್ತಿದ್ದರೆ ತೂಕ ಪ್ರತಿ ಸಲ ಒಂದೇ ಬರುವುದು ಹೇಗೆ?

ಸಾಲದ್ದಕ್ಕೆ, ಈ ಕೋಶಗಳು ಎದುರಿಗಿರುವ ಆಯ್ಕೆಗಳ ವ್ಯಾಪ್ತಿಗೆ ತಕ್ಕಂತೆ ಅಳತೆಗೋಲನ್ನೂ ಹೊಂದಿಸಿಕೊಳ್ಳುತ್ತವೆ. ಅಂದರೆ ಎದುರಿಗಿರುವ ಆಯ್ಕೆಗಳು ಬದಲಾದರೆ ಅಳತೆಯೂ ಬದಲಾಗುತ್ತದೆ.

ಹಾಗಾದರೆ ನಿಜವಾದ ಐಬು ಹೇಗಿರುತ್ತದೆ? ಸಂಶೋಧಕರಾದ ಲೆಸ್ಲಿ ಫೆಲೋಸ್ ಮತ್ತು ಮಾರ್ಥಾ ಫರಾ 2007ರಲ್ಲಿ, ಹಣೆಯ ಹಿಂದಿನ ಮಿದುಳಿನ ನಡು-ಕೆಳಭಾಗಕ್ಕೆ ಪೆಟ್ಟಾದವರಿಗೆ ಆಹಾರ, ಬಣ್ಣ, ಪ್ರಸಿದ್ಧ ವ್ಯಕ್ತಿಗಳನ್ನು ಜೋಡಿಯಾಗಿ ಕೊಟ್ಟು ಯಾವುದಿಷ್ಟ ಎಂದು ಕೇಳಿದರು. ಹಣವಿಲ್ಲ, ಜೂಜಿಲ್ಲ, ಬರೀ ಇಷ್ಟದ ಪ್ರಶ್ನೆ. ಅಲ್ಲೂ ಅವರ ಉತ್ತರಗಳು, ಆ ಭಾಗಕ್ಕೆ ಪೆಟ್ಟಾಗದ ಉಳಿದವರ ಉತ್ತರಗಳಿಗಿಂತ ಹೆಚ್ಚು ತಾಳ ತಪ್ಪಿದವು. ಉಳಿದವರದೂ ಪೂರ್ತಿ ತಾಳಬದ್ಧವಾಗಿರಲಿಲ್ಲ ಎನ್ನಿ.

ನಿಮ್ಮದು ಯಾವ ಬಗೆ ಎಂದು ನೀವೇ ನೋಡಬಹುದು. ನಾಲ್ಕು ದಿನ ಬಿಟ್ಟು, ಹಿಂದಿನ ಉತ್ತರ ನೆನೆಯದೆ ಮತ್ತೆ ಹೋಲಿಸಿ. ಅದೇ ಸುತ್ತು ಮರುಕಳಿಸಿದರೆ ಟ್ವೆರ್ಸ್ಕಿ ಹೇಳಿದ ಕಾರಣವಿರಬಹುದು, ಬೆಲೆ ಮುಖ್ಯವೋ ಕ್ಯಾಮೆರಾವೋ ಮೊದಲೇ ತೀರ್ಮಾನಿಸಿಕೊಳ್ಳಿ. ಪ್ರತಿ ಸಲ ಬೇರೆ ಉತ್ತರ ಬಂದರೆ ಮೂರೂ ನಿಮಗೆ ಹೆಚ್ಚುಕಡಿಮೆ ಒಂದೇ, ಯಾವುದನ್ನಾದರೂ ಕೊಳ್ಳಿ.