ಎತ್ತಿ ಒಯ್ಯುವವರ ಹಂಗು

ಪ್ರಶ್ನೆ: ನನಗೆ 43 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಮೂರು ವರ್ಷದಿಂದ ವೀಲ್‌ಚೇರ್‌ನಲ್ಲಿದ್ದೇನೆ. ಒಂದು ಓದುಗರ ಬಳಗದಲ್ಲಿ 11 ವರ್ಷದಿಂದ ಸದಸ್ಯೆ. ಸಭೆ ನಡೆಯುವುದು ಮೊದಲ ಮಹಡಿಯಲ್ಲಿ. 18 ಮೆಟ್ಟಿಲು, ಲಿಫ್ಟ್ ಇಲ್ಲ. ಪ್ರತಿ ಸಲ ನಾಲ್ವರು ಗೆಳೆಯರು ಕುರ್ಚಿ ಸಮೇತ ನನ್ನನ್ನು ಎತ್ತಿಕೊಂಡು ಹೋಗುತ್ತಾರೆ, ಪ್ರೀತಿಯಿಂದಲೇ. ನಾನು ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ. ಶೌಚಾಲಯ ಕೆಳಗಿರುವುದರಿಂದ ಅಂದು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಈಚೆಗೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ. ಅಷ್ಟರಲ್ಲಿ, ಬಳಗದ ವಾರ್ಷಿಕ ಸಮಾರಂಭದಲ್ಲಿ 'ಛಲದ ಬದುಕಿಗಾಗಿ' ನನಗೆ ಸನ್ಮಾನವಂತೆ. ಆ ವೇದಿಕೆಗೂ ಎರಡು ಮೆಟ್ಟಿಲು. ಬೇಡವೆಂದರೆ ಕೃತಘ್ನಳಾಗುತ್ತೀಯ ಅನ್ನುತ್ತಾರೆ ಮನೆಯವರು. ಏನು ಮಾಡಲಿ?

ಉತ್ತರ: ನೀರಿನ ಮಾತು ಬಂದಲ್ಲಿ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರನಾಳದ ಸೋಂಕು ಮೊದಲೇ ಬೇಗ ತಗಲುತ್ತದೆ. ನೀರು ಬಿಟ್ಟರೆ ಕೇಳುವುದೇ ಬೇಡ. ಮಿಕ್ಕಿದ್ದು ಹೇಗೇ ಇತ್ಯರ್ಥವಾಗಲಿ, ಇದನ್ನು ಇವತ್ತೇ ನಿಲ್ಲಿಸಿ.

ಇನ್ನು ಕೃತಘ್ನತೆಯ ಮಾತು. ಆ ನಾಲ್ವರ ಪ್ರೀತಿ ನಿಜ. ಆದರೆ ಅವರಲ್ಲಿ ಒಬ್ಬರಿಗೆ ಸೊಂಟ ಹಿಡಿದ ದಿನ ನಿಮಗೆ ಸಭೆಯಿಲ್ಲ. ಚರ್ಚೆ ಬೇಸರವಾದರೆ ಬೇರೆಯವರು ಮೆಲ್ಲಗೆ ಎದ್ದು ಹೊರಗೆ ಹೋಗಬಹುದು (ನಾನೇ ಎಷ್ಟೋ ಸಲ ಹೋಗಿದ್ದೇನೆ), ನೀವು ನಾಲ್ವರ ಮುಖ ನೋಡಬೇಕು. ಯಾವುದೋ ಕಾದಂಬರಿಯ ಬಗ್ಗೆ ಖಾರವಾಗಿ ವಾದಿಸಿದಿರಿ ಅನ್ನಿ, ಆಮೇಲೆ ಕೆಳಗಿಳಿಸಬೇಕಾದವರು ಅವರೇ. ಇದಕ್ಕೆ ನಮ್ಮ ಭಾಷೆಯಲ್ಲಿ ಹಂಗು ಅನ್ನುತ್ತಾರೆ. ಗೆಳೆತನ ಇಟ್ಟುಕೊಂಡು ಹಂಗನ್ನಷ್ಟೇ ಕಳಚಿಕೊಳ್ಳಬೇಕು ಅನ್ನುವವರನ್ನು ಕೃತಘ್ನರು ಎನ್ನಲಾಗದು.

1990ರ ಮಾರ್ಚ್ 12ರಂದು ವಾಷಿಂಗ್ಟನ್‌ನಲ್ಲಿ ಸುಮಾರು 60 ಮಂದಿ ಅಂಗವಿಕಲ ಹೋರಾಟಗಾರರು ವೀಲ್‌ಚೇರ್, ಊರುಗೋಲುಗಳನ್ನು ಕೆಳಗೇ ಬಿಟ್ಟು ಅಮೆರಿಕದ ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಎಂಟು ವರ್ಷದ ಹುಡುಗಿಯೊಬ್ಬಳೂ ಅವರಲ್ಲಿದ್ದಳು. ಸುತ್ತ ಜನ ಬೇಕಾದಷ್ಟಿದ್ದರು, ಎತ್ತಲು ಯಾರನ್ನೂ ಕರೆಯಲಿಲ್ಲ. ಅಂಗವಿಕಲರ ಕಾಯ್ದೆಗೆ ಅಲ್ಲಿ ಅದೇ ಜುಲೈನಲ್ಲಿ ಸಹಿ ಬಿತ್ತು. ನಿಮ್ಮ ಕೆಲಸಕ್ಕೆ ಅಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಆದರೂ ಒಂದು ಸಂಗತಿ ಗೊತ್ತಿರಲಿ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 30ನೇ ವಿಧಿ ಇರುವುದೇ ಸಾಂಸ್ಕೃತಿಕ ಬದುಕು, ಬಿಡುವು, ಆಟೋಟಗಳ ಬಗ್ಗೆ. ವಿಪರೀತ ಹೊರೆಯಾಗದ ಹೊಂದಾಣಿಕೆಯನ್ನು ಮಾಡಿಕೊಡದಿರುವುದೂ ತಾರತಮ್ಯವೇ ಎನ್ನುತ್ತದೆ ಅದರ 2ನೇ ವಿಧಿ. ಬಳಗದ ಮುಂದೆ ಇದನ್ನು ಓದಲು ಹೋಗಬೇಡಿ, ಗೆಳೆಯರಿಗೆ ನೋಟಿಸ್ ಕೊಟ್ಟ ಹಾಗಾಗುತ್ತದೆ. ಕೇಳುವಾಗ ದನಿ ಕುಗ್ಗದಿರಲು ಇದು ನೆನಪಿದ್ದರೆ ಸಾಕು.

ನಾಲ್ವರಲ್ಲಿ ಹೆಚ್ಚು ಹತ್ತಿರದವರಿಗೆ ಮೊದಲು ಹೇಳಿ, ಸಭೆಯಿಲ್ಲದ ದಿನ: 'ನೀವು ಎತ್ತುವಾಗ ನನಗೆ ಭಯವಾಗುತ್ತದೆ.' ಅವರಿಗೂ ಇಷ್ಟು ದಿನ ಕೈ ನಡುಗುತ್ತಿತ್ತು ಎಂದು ಆಗ ಗೊತ್ತಾದೀತು. ಆಮೇಲೆ ಬಳಗದಲ್ಲಿ ಕೇಳುವಾಗ ಬೇಕಾದ್ದನ್ನೇ ಕೇಳಿ. 'ಕಷ್ಟವಾಗುತ್ತಿದೆ' ಅಂದರೆ ಎತ್ತಲು ಐದನೆಯವರು ಬರುತ್ತಾರೆ, ಅಷ್ಟೇ. 'ಇನ್ನು ಮುಂದೆ ಸಭೆ ನೆಲಮಹಡಿಯಲ್ಲಿ ನಡೆಯಲಿ' ಅನ್ನಿ. ಮಂಡಿನೋವೆಂದು ಬರುವುದನ್ನೇ ಬಿಟ್ಟ ಹಿರಿಯ ಸದಸ್ಯರಿದ್ದರೆ ಅವರೂ ದನಿಗೂಡಿಸಲಿ.

ಮೇಲಿನ ಕೋಣೆಗೇ ರ‍್ಯಾಂಪ್ ಹಾಕಿಸೋಣ ಎಂದು ಉತ್ಸಾಹಿಗಳು ಹೊರಟರೆ ಲೆಕ್ಕ ಹೇಳಿ. ಒಂದು ಅಡಿ ಏರಲು 12 ಅಡಿ ಉದ್ದ ಬೇಕೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ಒಂದೊಂದು ಮೆಟ್ಟಿಲು ಅರ್ಧ ಅಡಿ ಎಂದುಕೊಂಡರೂ 108 ಅಡಿ ರ‍್ಯಾಂಪ್ ಆಯಿತು, ನಡುನಡುವೆ ನಿಲ್ಲಲು ಸಮತಟ್ಟು ಜಾಗ ಬೇರೆ. ಕೋಣೆ ಬದಲಿಸುವುದೇ ವಾಸಿ. ಹೊಸ ಜಾಗ ನೋಡಲು ನೀವೂ ಹೋಗಿ. ನಡೆದಾಡುವವರು 'ಎಲ್ಲ ಸರಿಯಿದೆ' ಅಂದ ಕಡೆ ಒಂದು ಹೊಸ್ತಿಲಾದರೂ ಕಾದಿರುತ್ತದೆ. ಬಾಗಿಲು ತೆರೆದಾಗ 80ರಿಂದ 90 ಸೆಂ.ಮೀ. ಅಗಲ ಸಿಗಬೇಕು. ಶೌಚಾಲಯದೊಳಗೆ ಕುರ್ಚಿ ತಿರುಗಲು ಸುಮಾರು 150 ಸೆಂ.ಮೀ. ವ್ಯಾಸದ ಜಾಗ ಬೇಕು. ಅಲ್ಲಿಯವರೆಗೆ ವಿಡಿಯೋ ಕರೆಯಲ್ಲಿ ಸೇರಿಕೊಳ್ಳಿ ಎಂದಾರು. ಒಪ್ಪಿಕೊಳ್ಳಿ, ಆದರೆ ಎಲ್ಲಿಯವರೆಗೆ ಎಂದು ತಾರೀಖು ಕೇಳಿ.

ಸನ್ಮಾನದ ವಿಷಯದಲ್ಲಿ ನಾನು ಸ್ವಲ್ಪ ಕಟು. ಹನ್ನೊಂದು ವರ್ಷ ಓದಿದವರು, ವಾದಿಸಿದವರು ನೀವು, ಸನ್ಮಾನ ಮಾತ್ರ ವೀಲ್‌ಚೇರ್‌ಗೆ! ಬೇಡ ಅನ್ನಿ. ಅದೇ ದಿನ ನಿಮಗಿಷ್ಟವಾದ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇನೆ ಅನ್ನಿ, ಮೈಕನ್ನು ಸಭಿಕರು ಕೂತ ಮಟ್ಟದಲ್ಲೇ ಇಡಲಿ. ವೇದಿಕೆಯೇ ಆಗಬೇಕು ಎಂದರೆ ಆ ಎರಡು ಮೆಟ್ಟಿಲಿಗೆ 12 ಅಡಿ ರ‍್ಯಾಂಪ್ ಬೇಕು. ನಾಲ್ಕಡಿ ಹಲಗೆ ಇಟ್ಟು ತಳ್ಳಲು ಬಂದರೆ ಖಂಡಿತ ಒಪ್ಪಬೇಡಿ, ಕುರ್ಚಿ ಹಿಂದಕ್ಕೆ ಮಗುಚೀತು.

ನನಗೆ ಬರೆದ ಪತ್ರವನ್ನು ಮನೆಯವರಿಗೂ ಒಮ್ಮೆ ಓದಲು ಕೊಡಿ. ನೀರಿನ ವಿಷಯ ಅವರಿಗೆ ಗೊತ್ತಿಲ್ಲವೆಂದೇ ನನ್ನ ಊಹೆ.